ಕಸ್ತೂರಿಯ ಎಡಗಡೆ

ಟ್ರೇಯ ಬಲಗಡೆ ಮಾತ್ರ ನಾನಕಟಾಯಿ ಇದ್ದವು. ಎಡಗಡೆ ತಗಡು ಬೋಳಾಗಿತ್ತು.

ಅಂದು ಶನಿವಾರ. ತಿಂಗಳ ಮೊದಲ ಭಾನುವಾರ ನಾವಿಬ್ಬರೂ ಯಾವುದಾದರೊಂದು ಊರು ನೋಡಲು ಹೋಗುತ್ತೇವೆ. ಹಿಂದಿನ ದಿನ ಬುತ್ತಿಗೆಂದು ಓವನ್ನಿನಲ್ಲಿ ಏನಾದರೂ ಬೇಯಿಸುತ್ತೇವೆ. ನಾನು ಕಲಘಟಗಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾದವನು. ಮೈದಾ, ತುಪ್ಪ, ಸಕ್ಕರೆ ತೂಗುವುದು ನನ್ನ ಕೆಲಸ. ನಾದಿ, ಉಂಡೆ ಕಟ್ಟಿ ಸಾಲಾಗಿ ಇಡುವುದು ಹೆಂಡತಿ ಕಸ್ತೂರಿಯದು. ಸಾಲು ಸೊಟ್ಟಾದರೆ ಇಬ್ಬರಿಗೂ ಸೇರದು.

“ಯಾಕ ಕಸ್ತೂರಿ, ಅರ್ಧಾ ಟ್ರೇ ಖಾಲಿ ಬಿಟ್ಟಿ?”

“ಎಲ್ಲಿ ಖಾಲಿ? ತುಂಬೇತಿ. ಚಸ್ಮಾ ಹಾಕ್ಕೊಂಡು ನೋಡ್ರಿ.”

ಚೇಷ್ಟೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಉಳಿದ ಹಿಟ್ಟನ್ನೂ ಬಲಗಡೆಯ ಸಾಲಿನ ಮೇಲೆಯೇ ಇಡತೊಡಗಿದಳು. ಉಂಡೆಯ ಮೇಲೆ ಉಂಡೆ. ಎಡಗೈ ಹಿಟ್ಟಿನ ಪಾತ್ರೆಯಲ್ಲಿ ಸುಮ್ಮನೆ ಬಿದ್ದಿತ್ತು.

ಓವನ್ ಆರಿಸಿದೆ. ಬಾಜು ಮನೆಯ ದಸ್ತಗೀರನ ಕಾರಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್ ಆಯಿತು.

ಸ್ಟ್ರೋಕ್.

ಮರುದಿನ ಅವಳನ್ನು ವಾರ್ಡಿಗೆ ತಂದರು. ಮಾತು ಸ್ಪಷ್ಟವಾಗಿತ್ತು. ನರ್ಸ್ ಬಂದಾಗ ಕೇಳಿದಳು:

“ನಮ್ಮನಿಯವರು ಇನ್ನಾ ಬಂದಿಲ್ಲೇನವಾ? ಟೈಮ್ ತಪ್ಪಸೂ ಮನಷ್ಯಾ ಅಲ್ಲ ಅವ್ರು.”

ನಾನು ಅವಳ ಎಡಗಡೆಯ ಸ್ಟೂಲಿನ ಮೇಲೆ ಕುಳಿತಿದ್ದೆ.

“ಇಲ್ಲೇ ಅದೀನಿ,” ಎಂದೆ. ಅವಳು ಬಲಕ್ಕೆ ತಿರುಗಿ, ಕಿಟಕಿಯ ಕಡೆ ನನ್ನನ್ನು ಹುಡುಕಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಹೊರಗೆ ಕರೆದು ಹೇಳಿದರು:

“ಕಣ್ಣು ಛಲೋ ಅದಾವ್ರಿ ಸರ್. ಮೆದುಳಿನ ಬಲಭಾಗಕ್ಕ ಪೆಟ್ಟಾಗೇತಿ. ಎಡಗಡೆ ಅಂಬೋದು ಒಂದ್ ಐತಿ ಅಂತ ಅವರ ಲಕ್ಷ್ಯಕ್ಕನ ಬರೂದಿಲ್ಲ. ನೆಗ್ಲೆಕ್ಟ್ ಅಂತೀವಿ.”

“ಹಂಗಾದ್ರ ನಾ ಬಲಕ್ಕ ಬಂದು ಕೂಡ್ಲೇನ್ರಿ?”

“ಬ್ಯಾಡ್ರಿ. ಎಡಕ್ಕ ಕುಂತ ಮಾತಾಡಸ್ರಿ. ಅವರಾಗೇ ತಿರುಗಿ ನಿಮ್ಮನ್ನ ಹುಡುಕಬೇಕು.”

“ಸಿಗತೀನೇನ್ರಿ?”

“ಭಾಳ ಮಂದಿ ಸುಧಾರಸ್ತಾರ. ಎಲ್ಲಾರೂ ಅಂತ ಹೇಳಾಕ ಬರೂದಿಲ್ರಿ.”

ಜೀವನವಿಡೀ ಮಕ್ಕಳನ್ನು ಎಡಕ್ಕೆ, ಬಲಕ್ಕೆ ತಿರುಗಿಸಿದವನು ನಾನು. ಅದು ಮೈದಾನದಲ್ಲಿ ಸುಣ್ಣದ ಗೆರೆ ಎಳೆದಷ್ಟು ಸರಳ ಎಂದು ತಿಳಿದಿದ್ದೆ. ಇಲ್ಲಿ ಒಬ್ಬಳಿಗೆ ಅರ್ಧ ಜಗತ್ತೇ ಇರಲಿಲ್ಲ. ಇಲ್ಲವೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಕತ್ತಲೆಯಾಗಿದ್ದರೆ ಕತ್ತಲೆ ಎನ್ನುತ್ತಿದ್ದಳು. ಅದೂ ಇರಲಿಲ್ಲ.

ಮನೆಗೆ ಬಂದೆವು. ಊಟದಲ್ಲಿ ಬಲಗಡೆಯ ರೊಟ್ಟಿ ಪಲ್ಯ ಮುಗಿಸಿ, “ಅನ್ನಾ ನೀಡೇ ಇಲ್ಲಲ್ರಿ,” ಎನ್ನುತ್ತಿದ್ದಳು. ಅನ್ನ ಎಡಗಡೆ ಇರುತ್ತಿತ್ತು. ನಾನು ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದೆ.

ಅವಳ ಪಾಲಿಗೆ ಅನ್ನ ಆಗಲೇ ಹುಟ್ಟುತ್ತಿತ್ತು.

ಮುಖ ಅರಳಿಸಿ ಉಣ್ಣುತ್ತಿದ್ದಳು. ನನಗೆ ಅಳು ಬರಬೇಕಿತ್ತು. ಬೆರಗೇ ಹೆಚ್ಚಾಗುತ್ತಿತ್ತು. ತಲೆಯೊಳಗಿನ ಹಿಡಿಯಷ್ಟು ಮಾಂಸ ಇಷ್ಟು ದೊಡ್ಡ ಲೋಕವನ್ನು ನಮಗೆ ದಿನವೂ ಕಟ್ಟಿಕೊಡುತ್ತಿದೆ ಎಂದು ಈ ವಯಸ್ಸಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಫಿಸಿಯೋಥೆರಪಿಗೆ ವೇಳೆ ಗೊತ್ತುಮಾಡಿದೆ. ಮೊದಲ ಬೆಳಿಗ್ಗೆ ಎಡಗಡೆ ನಿಂತು, ರೂಢಿಬಲದಿಂದ ಮೈದಾನದ ದನಿಯಲ್ಲಿ, ಎಡಕ್ಕೆ ತಿರುಗಿಸುವ ಕವಾಯತಿನ ಅಪ್ಪಣೆ ಕೂಗಿದೆ: “ಬಾಯೇ ಮೂಡ್!”

ಅವಳು ಬಲಕ್ಕೇ ತಿರುಗಿ ಗೋಡೆಯನ್ನು ಬೈದಳು. “ನಾ ಏನ್ ನಿಮ್ಮ ಸಾಲಿ ಹುಡುಗ್ಯಾ? ಸೀಟಿ ಒಂದ್ ಊದೂದು ಉಳದೈತಿ.”

ಮರುದಿನ ಸೀಟಿಯನ್ನೂ ಊದಿದೆ. ಹೊಟ್ಟೆ ಹಿಡಿದು ನಕ್ಕಳು. ವಾರಗಳು ಕಳೆದಂತೆ ಅಪ್ಪಣೆ ಕೊಟ್ಟರೆ ಕುತ್ತಿಗೆ ಎಡಕ್ಕೆ ಹೊರಳತೊಡಗಿತು. ಆದರೆ ಅಪ್ಪಣೆ ಇಲ್ಲದೆ ಒಮ್ಮೆಯೂ ಇಲ್ಲ. ಕೂಗಿ ಕರೆಸಿಕೊಂಡ ನೋಟ ಎಷ್ಟಾದರೂ ಕವಾಯತಿನದು.

ಕೋಲು ಹಿಡಿದು ನಡೆಯುವಂತಾದ ಮೇಲೆ, “ಎಲ್ಲೆರ ಹೋಗೂಣು, ಮನ್ಯಾಗ ಕುಂತು ಬ್ಯಾಸರಾತು,” ಎಂದು ಹಟ ಹಿಡಿದಳು. ಡಾಕ್ಟರೂ ಒಪ್ಪಿದರು. ದಸ್ತಗೀರ ನಮ್ಮನ್ನು ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಕರೆದೊಯ್ದ.

ಪ್ರದಕ್ಷಿಣೆ ಹೊರಟೆವು. ಗುಡಿ ಬಲಕ್ಕಿತ್ತು, ಅವಳ ಪಾಲಿಗೆ ಎಲ್ಲವೂ ಇತ್ತು. ಕಪ್ಪು ಕಲ್ಲಿನ ಕೆತ್ತನೆ ಸವರಿ, “ನಾನಕಟಾಯಿ ಮ್ಯಾಲೆ ಗೆರಿ ಕೊರದಂಗ ಕೊರದಾರ ನೋಡ್ರಿ,” ಎಂದು ಕಲ್ಲಿಗೇ ಹೇಳಿದಳು. ನಾನು ಅವಳ ಎಡಕ್ಕೆ, ಬಾಯಿ ಮುಚ್ಚಿಕೊಂಡು ನಡೆದೆ. ಅಂದು ಅಪ್ಪಣೆ ಕೊಡುವುದಿಲ್ಲವೆಂದು ನಿರ್ಧರಿಸಿದ್ದೆ.

ಹಿಂದಿನ ಗೋಡೆಯ ಹತ್ತಿರ ಅವಳು ನಿಂತಳು. ಗದ್ದ ನಿಧಾನವಾಗಿ ಹೆಗಲ ಕಡೆಗೆ ಹೊರಳಿತು. ಇನ್ನಷ್ಟು ಹೊರಳಿತು.

ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಗುಂಡಿ ತಪ್ಪಿಸಿ ಹಾಕ್ಕೊಂಡೀರಿ,” ಎಂದಳು. “ಇದ ಅವತಾರದಾಗ ಕಲಘಟಗಿಯಿಂದ ಬಂದ್ರಿ?”

ದೇವರ ಗುಡಿಯಲ್ಲೇ ಇದ್ದೆ. ಕೈ ಮುಗಿಯುವುದೂ ಮರೆತೆ.

ಮುಂದಿನ ಮೂಲೆಯಲ್ಲಿ ಮತ್ತೆ ನಾನು ಇಲ್ಲವಾದೆ. “ಎಲ್ಲಿ ಹೋದ್ರಿ?” ಎಂದು ಬಲಗಡೆಯ ಕಂಬವನ್ನು ಕೇಳಿದಳು. ಈಗಲೂ ಹಾಗೆಯೇ, ಕೆಲವು ದಿನ ಸಿಗುತ್ತೇನೆ, ಕೆಲವು ದಿನ ಇಲ್ಲ. ಸಿಕ್ಕಷ್ಟಕ್ಕೆ ನಾನು ಋಣಿ.

ಅಂದು ಗುಂಡಿ ಸರಿಪಡಿಸಿಕೊಳ್ಳದೆ ಅವಳ ಎಡಕ್ಕೇ ನಡೆದೆ. ಮತ್ತೆ ತಿರುಗಿದರೆ ಬೈಯಲು ಏನಾದರೂ ಇರಬೇಕಲ್ಲ.