ಸುಮ್ಮನೆ ತಿರುಗುವ ಮೋಟಾರು

ಮರಿಯಮ್ಮನಹಳ್ಳಿಯ ಹುಲುಗೇಶ್ ಮೂವತ್ತು ವರ್ಷಗಳಿಂದ ಮೋಟಾರು ವೈಂಡಿಂಗ್ ಮಾಡುತ್ತಿದ್ದಾನೆ. ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ರೋಗ ಹೇಳುತ್ತಾನೆ ಎಂಬ ಹೆಸರು ಅವನಿಗಿದೆ. ಅರ್ಧ ಹೆಸರು ಜನ ಕೊಟ್ಟದ್ದು, ಉಳಿದರ್ಧ ಅವನೇ ಹಬ್ಬಿಸಿದ್ದು. ಅಂಥವನು ಪಾಪಿನಾಯಕನಹಳ್ಳಿಯ ಗಾಳೆಮ್ಮನ ಹಿಟ್ಟಿನ ಗಿರಣಿಯಲ್ಲಿ ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತ ಕುಳಿತಿದ್ದ.

ಗಿರಣಿಯ ಮೋಟಾರಿಗೆ ಮೂರು ತಂತಿಯ ತ್ರೀ ಫೇಸ್ ಕರೆಂಟು ಬೇಕು. ಆ ಓಣಿಗೆ ಬರುವುದು ಎರಡೇ ತಂತಿಯ ಸಿಂಗಲ್ ಫೇಸ್. ಇಪ್ಪತ್ತೆರಡು ವರ್ಷದ ಹಿಂದೆ ಹುಲುಗೇಶ್ ಸಂಡೂರಿನ ಗುಜರಿಯಿಂದ ಹಳೆಯ ಮೋಟಾರೊಂದನ್ನು ತಂದು, ಹೊಸದಾಗಿ ತಂತಿ ಸುತ್ತಿ, ಕಂಡೆನ್ಸರ್ ಕಟ್ಟಿ, ಫೇಸ್ ಕನ್ವರ್ಟರ್ ಮಾಡಿಕೊಟ್ಟಿದ್ದ. ಅದಕ್ಕೆ ಬೆಲ್ಟಿಲ್ಲ, ಬೀಸುವ ಕೆಲಸವಿಲ್ಲ. ಮೂಲೆಯಲ್ಲಿ ಸುಮ್ಮನೆ ತಿರುಗುತ್ತದೆ. ತಿರುಗುತ್ತಲೇ ಇಲ್ಲದ ಮೂರನೆಯ ತಂತಿಗೆ ಕರೆಂಟು ಹುಟ್ಟಿಸಿ ಗಿರಣಿಗೆ ಕೊಡುತ್ತದೆ. ಹೇಗೆ ಹುಟ್ಟುತ್ತದೆ ಎಂಬುದು ಕಟ್ಟಿದವನಿಗೂ ಪೂರ್ತಿ ತಿಳಿಯದು. ಓದಿದವರೊಬ್ಬರು ಒಮ್ಮೆ ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದಾಗ ಹೂಂಗುಟ್ಟಿದ್ದ, ಅಷ್ಟೆ. ಬೀಸಿಸಲು ಬರುವ ಹೆಂಗಸರಂತೂ ಕೆಲಸವಿಲ್ಲದೆ ತಿರುಗುವ ಈ ಮೋಟಾರು ದೇವರೇ ಇರಬೇಕೆಂದು, ಜೋಳದ ಬುಟ್ಟಿ ಇಳಿಸುವ ಮೊದಲು ಅದಕ್ಕೆ ಕೈ ಮುಗಿಯುತ್ತಿದ್ದರು.

ಈಗ ಆ ದೇವರು ತಿರುಗುತ್ತಿತ್ತು, ಗಿರಣಿ ಮಾತ್ರ ಎದ್ದೇಳುತ್ತಿರಲಿಲ್ಲ. ಮೊದಲ ದಿನ ಹುಲುಗೇಶ್ ಗೋಡೆಯ ಪೆಟ್ಟಿಗೆಯಿಂದ ಕಂಡೆನ್ಸರ್‌ಗಳನ್ನು ಬಿಚ್ಚಿ ಒಂದೊಂದಾಗಿ ಚಟ್ ಎಂದು ಕಿಡಿ ಹಾರಿಸಿ ನೋಡಿದ. ಎಲ್ಲ ಸರಿಯಿದ್ದವು. ಬೋರ್ಡಿನ ಹತ್ತಿರ ಮೀಟರು ಹಿಡಿದರೆ ಮೂರೂ ತಂತಿಯಲ್ಲಿ ಕರೆಂಟು ಇತ್ತು. ಹಾಗಾದರೆ ಗಿರಣಿಯ ಮೋಟಾರೇ ಕೆಟ್ಟಿರಬೇಕೆಂದು ಎರಡನೆಯ ದಿನ ಅದನ್ನು ಆಟೋದಲ್ಲಿ ಹಾಕಿಕೊಂಡು ತನ್ನ ಅಂಗಡಿಗೆ ಒಯ್ದ. ಅಲ್ಲಿನ ತ್ರೀ ಫೇಸ್ ಕರೆಂಟಿಗೆ ಅದು ಗಾಳಿಯಂತೆ ಓಡಿತು. ತಂದು ಕೂರಿಸಿದರೆ ಮತ್ತೆ ಗುಂಯ್ ಎಂದು ಗುನುಗಿ ಫ್ಯೂಸು ಹಾರಿಸಿತು. ಬೇರೆ ಬೇರೆ ಇದ್ದಾಗ ಇಬ್ಬರೂ ಒಳ್ಳೆಯವರು, ಜೊತೆಗಿಟ್ಟರೆ ಸಂಸಾರ ನಡೆಯದು. ಇಂಥ ಪಂಚಾಯ್ತಿ ಅವನಿಗೆ ಬಗೆಹರಿಯಲಿಲ್ಲ.

ಗಾಳೆಮ್ಮನ ಅಳಿಯ ಪಂಪೇಶ್ ಹೊಸಪೇಟೆಯಲ್ಲಿ ಕನ್ವರ್ಟರಿನದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಡಬ್ಬಿಯೊಂದನ್ನು ನೋಡಿಟ್ಟಿದ್ದ. ಮೂರನೆಯ ದಿನ ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ.

"ಹುಲುಗೇಶಣ್ಣ, ಸಂಜಿ ಮಟ ನೋಡ್ರಿ. ಆಗಲಿಲ್ಲಂದ್ರ ಹೊಸಾದು ತರ್ತೀನಿ. ಇದನ್ನ ಗುಜರಿಗೆ ಹಾಕಿಬಿಡಾಣ."

ಹುಲುಗೇಶ್ ಊರವರ ಸಾವಿರ ಮೋಟಾರು ರಿಪೇರಿ ಮಾಡಿದ್ದಾನೆ. ತನ್ನ ಕೈಯಾರೆ ಹೊಸದಾಗಿ ಕಟ್ಟಿದ್ದು ಇದೊಂದೇ. ಗುಜರಿಯಿಂದ ಎತ್ತಿ ತಂದದ್ದು ಗುಜರಿಗೇ ಹೋಗುತ್ತದೆ ಎಂದು ನೆನೆದರೆ ಅವನಿಗೆ ಅಳು ಬಂದಂತಾಗುತ್ತಿತ್ತು. ಕೈ ಮರೆತಿದೆಯೋ, ಬುದ್ಧಿ ಮಂಕಾಗಿದೆಯೋ, ಅದೂ ತಿಳಿಯಲಿಲ್ಲ.

ಮಧ್ಯಾಹ್ನ ಬೇರೇನೂ ತೋಚದೆ ಅವನು ಗಾಳೆಮ್ಮನನ್ನು ಕರೆದ. "ಯಕ್ಕ, ನಾನು ಮೀಟರ್ ಹಿಡೀತೀನಿ, ನೀ ಗಿರಣಿ ಬಟನ್ ಒತ್ತು. ಸಾಕು ಅನ್ನೋ ಮಟ ಬಿಡಬ್ಯಾಡ."

ಅವಳು ಒತ್ತಿದಳು. ಗಿರಣಿ ಗುನುಗಿತು. ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಮೀಟರಿನ ಮುಳ್ಳು ಮೂರನೆಯ ತಂತಿಯಲ್ಲಿ ದಡಕ್ಕನೆ ಕೆಳಗೆ ಬಿತ್ತು. ಜೊತೆಗೇ ಒಂದು ವಾಸನೆ ಮೂಗಿಗೆ ಬಡಿಯಿತು. ವಾರ್ನಿಷ್ ಸುಟ್ಟದ್ದಲ್ಲ, ರಬ್ಬರಿನದೂ ಅಲ್ಲ. ಬೆಲ್ಲ ಸೀದಂತಿತ್ತು.

"ಸಾಕು ಯಕ್ಕ. ಒಲಿ ಮ್ಯಾಲ ಏನರ ಇಟ್ಟೀಯೇನು?"

"ಇಲ್ಲಲ್ಲ. ಅಡಗಿ ಮುಗದು ಭಾಳ ಹೊತ್ತಾತು."

ಹುಲುಗೇಶ್ ಮೂಗು ಹಿಡಿದ ದಾರಿಯಲ್ಲಿ ಹೋದ. ಅದು ಕನ್ವರ್ಟರಿನ ನೆತ್ತಿಗೆ ಮುಟ್ಟಿಸಿತು. ತಂತಿಗಳು ಸೇರುವ ಪುಟ್ಟ ಪೆಟ್ಟಿಗೆ ಅಲ್ಲಿದೆ. ಅದರ ಮುಚ್ಚಳವನ್ನು ಮೂರು ದಿನವೂ ಅವನು ತೆಗೆದಿರಲಿಲ್ಲ. ತೆಗೆಯಲು ಅದು ಮುಚ್ಚಳದಂತೆ ಕಂಡರೆ ತಾನೆ? ವರ್ಷಗಟ್ಟಲೆ ಬಳಿದ ವಿಭೂತಿ, ಕುಂಕುಮ ಬೆರಳು ದಪ್ಪ ಕೂತಿತ್ತು, ಸ್ಕ್ರೂಗಳೂ ಅದರಡಿ ಹುದುಗಿದ್ದವು. ಹೆಂಗಸರು ಹಣೆ ಮುಟ್ಟಿಸುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಲು ಅವನಿಗೂ ಮನಸ್ಸು ಬಂದಿರಲಿಲ್ಲ. ಈಗ ಮೋಟಾರು ನಿಲ್ಲಿಸಿ, ಕೈ ಮುಗಿದು ಕೆರೆದು ತೆಗೆದ. ಒಳಗೆ ಮೂರನೆಯ ತಂತಿಯ ಬೆಸುಗೆ ಹಸಿರುಗಟ್ಟಿ, ಕಂದು ಅಂಟಿನಲ್ಲಿ ಮುಳುಗಿ, ಎರಡು ಎಳೆ ತಾಮ್ರದ ಮೇಲೆ ನಿಂತಿತ್ತು. ಮೀಟರಿಗೆ ಅಷ್ಟು ಸಾಕು, ಗಿರಣಿ ಎಬ್ಬಿಸಲು ಸಾಲದು.

ಕತ್ತರಿಸಿ, ಉಜ್ಜಿ, ಹೊಸ ಬೆಸುಗೆ ಹಾಕಿ, ಕನ್ವರ್ಟರ್ ತಿರುಗಿಸಿ ಗಿರಣಿಯ ಬಟನ್ ಒತ್ತಿದ. ಗಿರಣಿ ಎದ್ದು ಓಡಿತು. ಸದ್ದು ಕೇಳಿ ಬಂದ ಪಂಪೇಶ್ ಫೋನು ತೆಗೆದು ಹೊಸಪೇಟೆಯವರಿಗೆ ಡಬ್ಬಿ ಬೇಡವೆಂದ. ಗಾಳೆಮ್ಮ ಸಂತೋಷಕ್ಕೆ ಒಳಗಿನಿಂದ ತೆಂಗಿನಕಾಯಿ ತಂದು, ಮೋಟಾರಿನ ಮೇಲೆ ಒಡೆಯಲು ಕೈ ಎತ್ತಿದಳು.

"ಬ್ಯಾಡ ಯಕ್ಕ," ಹುಲುಗೇಶ್ ಅಡ್ಡ ಬಂದ. "ಕಾಯಿ ನೀರೇ ಒಳಗ ಇಳದು ತಂತಿ ತಿಂದೈತಿ. ಇನ್ನ ಹೊಸ್ತಿಲದಾಗ ಒಡಿ."

ಗಾಳೆಮ್ಮನ ಕೈ ಹಾಗೇ ನಿಂತಿತು. "ನೀನ ಅಲ್ಲೇನು ತಮ್ಮ ಹೇಳಿದ್ದು? ಅಮಾಸಿಗೊಂದು ಕಾಯಿ ಒಡಿ, ನೀರು ಇದರ ನೆತ್ತಿ ಮ್ಯಾಲ ಬೀಳಬೇಕು, ಒಂದು ಅಮಾಸಿನೂ ತಪ್ಪಿಸಬ್ಯಾಡ ಅಂದಿದ್ದಿ. ನಮ್ಮ ಯಜಮಾನ್ರು ತೀರಿಕೊಂಡ ತಿಂಗಳೂ ತಪ್ಪಿಸಿಲ್ಲ ನಾನು."

ಹುಲುಗೇಶನಿಗೆ ನೆನಪಾಯಿತು. ಮೊದಲ ಕಾಯಿ ಅವನೇ ಒಡೆದಿದ್ದ. ಆಮೇಲೆಯೇ ಮೊದಲ ಸಲ ಸ್ವಿಚ್ಚು ಹಾಕಿದ್ದ.

"ಹೇಳಿದ್ದೆ ಯಕ್ಕ," ಅಂದ. "ಆವಾಗ ಇದು ಓಡತೈತಿ ಅಂತ ನನಗ ನಂಬಿಕಿ ಇರಲಿಲ್ಲ."