ಚಂದಕ್ಕನ ಕಾಲಿಗೆ ತಾಗಿದ್ದು

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದವನ ಫೋನಿಗೆ ಒಂದು ವಿಡಿಯೋ ಬಂತು. ಅಳಿವೆಯ ನೀರಿನಲ್ಲಿ ಏನೋ ಕಪ್ಪಗೆ ಏಳುತ್ತದೆ, ಮುಳುಗುತ್ತದೆ. ಹಿಂದಿನಿಂದ ಯಾರೋ ‘ಹ್ವಾಯ್, ಕಾಣಿ ಕಾಣಿ’ ಎಂದು ಕೂಗುತ್ತಾರೆ. ಮರದ ದಿಮ್ಮಿಯೋ, ಮೀನೋ, ಬರೀ ನೆರಳೋ, ದೇವರೇ ಬಲ್ಲ. ಕೆಳಗೆ ಊರಿನವನೊಬ್ಬ ಬರೆದಿದ್ದ: ‘ಕೊಂಬಿನ ಚಂದಕ್ಕನ್ ಹತ್ರ ಕೇಣಿ, ಅವ್ರಿಗ್ ಗುರ್ತ ಇತ್ತ್.’ ಅದಕ್ಕೆ ಸಾಲುಸಾಲು ನಗುವ ಮುಖಗಳು. ನನಗೆ ಕಾಫಿ ಸೇರಲಿಲ್ಲ.

ನಮ್ಮ ಕಡೆ ನೀರಿಗೂ ಬರವಿಲ್ಲ, ನೀರಿನೊಳಗಿನ ವಿಚಿತ್ರಗಳಿಗೂ ಬರವಿಲ್ಲ ಬಿಡಿ. ದೋಣಿಯ ಪಕ್ಕಕ್ಕೇ ಬಂದು ಮನುಷ್ಯರ ಹಾಗೆ ನಿಟ್ಟುಸಿರು ಬಿಟ್ಟ ಪ್ರಾಣಿಯ ಕತೆಯನ್ನು ಬೈಂದೂರಿನ ನನ್ನ ಸೋದರಮಾವ ಹೇಳುತ್ತಿದ್ದರು. ಕುಂದಾಪುರದ ಹೊಳೆಯಲ್ಲಿ ಜಡೆ ಬಿಟ್ಟುಕೊಂಡು ಈಜುವವಳೊಬ್ಬಳಿದ್ದಾಳೆ ಎಂದು ನನ್ನ ಅಜ್ಜಿ. ಹೇಳಿದಾಗಲೆಲ್ಲ ಆ ಜಡೆ ಒಂದು ಮೊಳ ಉದ್ದವಾಗುತ್ತಿತ್ತು. ನಾನೂ ಅದೇ ಮನೆತನದವನು ಎಂಬುದನ್ನು ಮರೆಯಬೇಡಿ.

ಚಂದಕ್ಕ ಹಾಗಲ್ಲ. ಹಂಗಾರಕಟ್ಟೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಎದೆಮಟ್ಟದ ನೀರಿಗಿಳಿದು, ಸಾರಿಗೆ ಹಾಕುವ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರಲ್ಲಿ ಅವರೂ ಒಬ್ಬರು. ಆ ಕಲಕಿದ ನೀರಿನಲ್ಲಿ ಕಣ್ಣಿಗೇನೂ ಕೆಲಸವಿಲ್ಲ, ಎಲ್ಲ ಕಾಲಿನದೇ ಕಾರುಬಾರು. ಹೆಬ್ಬೆರಳಲ್ಲಿ ಕೆಸರು ಕೆದಕಿ, ಇದು ಕಲ್ಲು, ಇದು ಖಾಲಿ ಚಿಪ್ಪು, ಇದು ಜೀವ ಇರುವುದು ಎಂದು ಗುರುತು ಹಿಡಿಯುತ್ತಿದ್ದರು. ಸೊಂಟಕ್ಕೆ ಹಗ್ಗದಲ್ಲಿ ಕಟ್ಟಿದ ಪಾತ್ರೆ ಹಿಂದೆ ತೇಲಿಕೊಂಡು ಬರುತ್ತಿತ್ತು. ಅವರ ಕಾಲು ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಆಗ ನಾನು ವಾರಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆಯುತ್ತಿದ್ದೆ. ಜೀವನದ ಮೊದಲ ಕೆಲಸ, ಜೇಬಿನಲ್ಲಿ ಎರಡು ಪೆನ್ನು, ಗತ್ತು ಕೇಳಬೇಡಿ. ಚಂದಕ್ಕನ ಕಾಲಡಿಯಲ್ಲಿ ಏನೋ ಅಲುಗಾಡಿತಂತೆ ಎಂದು ಕೇಳಿದ್ದೇ ಓಡಿದೆ.

“ಕಣ್ಣಂಗೆ ಕಂಡದ್ದಲ್ಲ ಮಗಾ,” ಎಂದರು. “ಕಾಲಿಗ್ ತಾಗಿದ್ದ್. ಮೆತ್ತಗ್ ಇದ್ದಿತ್ತ್, ಬೆಚ್ಚಗೂ ಇದ್ದಿತ್ತ್. ನಾ ಕಾಲ್ ತೆಗ್ದೆ, ಅದ್ ಹೋಯ್ತ್.”

“ಎಷ್ಟ್ ದೊಡ್ಡದ್?”

“ಎರಡ್ ಕಾಲಿಗ್ ಸಿಕ್ಕಿದಷ್ಟ್ ಹೇಳ್ವೆ. ಉಳ್ದದ್ದ್ ನಂಗ್ ಗೊತ್ತಿಲ್ಲೆ.”

ಎಂಥ ಮಾತು! ಈಗ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಆಗ ಮಾತ್ರ, ಇಷ್ಟೇ ಬರೆದರೆ ಯಾರು ಓದುತ್ತಾರೆ ಮಾರಾಯ್ರೆ, ಎನಿಸಿತು. ಬರೆಯುವಾಗ ಅದಕ್ಕೆ ಎರಡು ಕೊಂಬು ಇಟ್ಟೆ. ಕೆಂಡದಂಥ ಕಣ್ಣನ್ನೂ ಇಟ್ಟೆ. ‘ಎಂದು ಕಣ್ಣಾರೆ ಕಂಡ ಚಂದಕ್ಕ ತಿಳಿಸಿದರು’ ಎಂದು ಮುಗಿಸಿದೆ.

ಪತ್ರಿಕೆ ಬಂದ ಮರುದಿನ ಒಬ್ಬ ಹೆಂಗಸೂ ನೀರಿಗಿಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಚಿಪ್ಪು ಮಾರಿದರೆ ಮಾತ್ರ ಒಲೆ ಉರಿಯುವ ಮನೆಗಳು ಅವು. ಮೂರನೆಯ ದಿನ ಎಲ್ಲರೂ ದಡದಲ್ಲಿ ಚಂದಕ್ಕನನ್ನು ಸುತ್ತುವರಿದರು. ನಾನೂ ಒಂದು ತೆಂಗಿನ ಮರದ ಮರೆಯಲ್ಲಿದ್ದೆ.

“ಕೊಂಬ್ ಇತ್ತ್ ಅಂತ ನೀನೇ ಹೇಳಿದ್ಯಲೆ?” ಎಂದಳೊಬ್ಬಳು.

ಚಂದಕ್ಕ ತಲೆಯೆತ್ತಿ ನೇರ ನನ್ನನ್ನು ನೋಡಿದರು. ಕೊಂಬು ಇಟ್ಟವನು ಇವನೇ ಎಂದು ಹೇಳಿದ್ದರೆ ಅಲ್ಲಿಗೆ ನನ್ನ ಕೆಲಸ ಮುಗಿಯುತ್ತಿತ್ತು. ಅವರು ಹೇಳಲಿಲ್ಲ.

“ಕೊಂಬ್ ಗಿಂಬ್ ಎಂತ ಇಲ್ಲೆ. ಆದ್ರೆ ಕಾಲಿಗ್ ತಾಗಿದ್ದ್ ಹೌದ್.”

“ಮೊನ್ನೆ ಒಂದ್, ಇವತ್ತ್ ಒಂದ್! ಎಂತದೂ ಇಲ್ಲೆ ಅಂತ ಒಂದ್ ಮಾತ್ ಹೇಳ್, ಎಲ್ಲ ಇಳಿಲಕ್ಕ್.”

ಅದೊಂದು ಮಾತು ಸಾಕಿತ್ತು, ಎಲ್ಲರೂ ನೀರಿಗಿಳಿಯುತ್ತಿದ್ದರು. ನಾನಾಗಿದ್ದರೆ ಹತ್ತು ಸಲ ಹೇಳುತ್ತಿದ್ದೆ. ಚಂದಕ್ಕ ಮಾತ್ರ, “ಇದ್ದದ್ದನ್ನ ಇಲ್ಲೆ ಅಂತ ಹೆಂಗ್ ಹೇಳುದ್?” ಎಂದವರೇ ಪಾತ್ರೆಯ ಹಗ್ಗ ಸೊಂಟಕ್ಕೆ ಬಿಗಿದು ಒಬ್ಬರೇ ನೀರಿಗಿಳಿದರು. ಅದು ತಾಗಿದ ಜಾಗಕ್ಕೇ ಹೋದರು. ಪಾತ್ರೆ ತುಂಬಿಸಿಕೊಂಡೇ ಮೇಲೆ ಬಂದರು. ಮರುದಿನ ಇಬ್ಬರು ಜೊತೆಗಿಳಿದರು, ವಾರ ಕಳೆಯುವಷ್ಟರಲ್ಲಿ ಎಲ್ಲರೂ.

ಹೆದರಿಕೆ ಹೋಯಿತು, ಆದರೆ ‘ಕೊಂಬಿನ ಚಂದಕ್ಕ’ ಎಂಬ ಅಡ್ಡಹೆಸರು ಉಳಿಯಿತು. ಅವರ ಮಗಳು ಸುಮತಿಗೆ ಶಾಲೆಯಲ್ಲಿ ಮಕ್ಕಳು ತಲೆಗೆ ಎರಡು ಬೆರಳಿಟ್ಟು ತೋರಿಸುತ್ತಿದ್ದರಂತೆ. ಆ ಕೊಂಬು ನನ್ನದು ಎಂದು ಹೇಳಲು ನನಗೆ ಇಷ್ಟು ವರ್ಷ ಬಾಯಿ ಬರಲಿಲ್ಲ. ನಾಚಿಕೆಗೇಡು!

ಮೊನ್ನೆ ಆ ವಿಡಿಯೋ ನೋಡಿದವನು ಕಾಫಿ ಲೋಟ ಕೆಳಗಿಟ್ಟು ಆ ಹೊತ್ತಿಗೇ ಹಂಗಾರಕಟ್ಟೆಗೆ ಹೋದೆ. ಚಂದಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಈಗ ನೀರಿಗಿಳಿಯುವುದಿಲ್ಲ, ಮಂಡಿ ನೋವು. “ಚಂದಕ್ಕ, ಕೊಂಬು ಇಟ್ಟವನು ನಾನು ಅಂತ ಎಲ್ಲರಿಗೂ ಹೇಳುತ್ತೇನೆ,” ಎಂದೆ.

ನಕ್ಕು ಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

“ಊರಿಗ್ ಆಮೇಲ್ ಹೇಳ್. ಮೊದ್ಲ್ ಸುಮತಿ ಹತ್ರ ಹೇಳ್.”

ಒಳಗೆ ಮೀನು ಹೆಚ್ಚುತ್ತಿದ್ದ ಸುಮತಿ ಕೈ ಒರೆಸಿಕೊಂಡು ಬಂದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. ಅಮ್ಮನ ಪಕ್ಕ ಕೂತು, ಆ ಚಾಚಿದ ಕಾಲಿನ ಮೇಲೆ ಕೈಯಿಟ್ಟು, ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದರು:

“ಅಮ್ಮ, ಹೆಂಗಿದ್ದಿತ್ತ್ ಅದ್?”