ಬಾಗಿಲ ಮೇಲಿನ ಐಸ್

ಅಮ್ಮ ಜಬಲ್ ಅಖ್ದರ್ ಬೆಟ್ಟದ ಮೇಲಿನ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್. ಅಪ್ಪ ಅಲ್ಲಿಯೇ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಕೆಳಗೆ ಮಸ್ಕತ್ ನಗರದ ದಾರ್ಸೈಟಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ ನಾನು ರಜೆಗೆ ಮಾತ್ರ ಬೆಟ್ಟ ಹತ್ತುತ್ತಿದ್ದೆ. ಒಮಾನ್ ಎಂದರೆ ಬಿಸಿಲು ಎಂದುಕೊಂಡವರಿಗೆ ಅಲ್ಲಿನ ಚಳಿಗಾಲದ ಬಗ್ಗೆ ಹೇಳಿದರೆ ಇಂದಿಗೂ ನಂಬುವುದಿಲ್ಲ.

ತೊಂಬತ್ತರ ದಶಕದ ಆರಂಭ. ನನಗೆ ಹನ್ನೆರಡು ವರ್ಷ. ನಮ್ಮ ಮನೆಯ ತಾರಸಿಯ ನೀರಿನ ಟ್ಯಾಂಕ್ ಬುಡದಲ್ಲಿ ಸೋರುತ್ತಿತ್ತು. ಸೋರಿದ ನೀರು ಮೂರು ರಾತ್ರಿ ತಾರಸಿಯ ಮೇಲೆಯೇ ಹೆಪ್ಪುಗಟ್ಟಿ, ಬಿಸಿಲು ಬೀಳದ ಉತ್ತರದ ಅಂಚಿನಿಂದ ಮುಂಬಾಗಿಲ ಮೇಲೆ ಹಲಗೆಯಂತೆ ಚಾಚಿಕೊಂಡಿತ್ತು. ನಾಲ್ಕನೆಯ ಬೆಳಿಗ್ಗೆ ಅದರೊಳಗಿಂದ ಟಕ್ ಎಂಬ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಕೇಂದ್ರದ ಡ್ರೈವರ್ ಆ ಬೆಟ್ಟದಲ್ಲಿಯೇ ಹುಟ್ಟಿದ ಒಮಾನಿ. ಮೇಲೆ ನೋಡಿದವನೇ ನನ್ನ ತೋಳು ಹಿಡಿದು ದೂರ ಎಳೆದ. "ಊಪರ್ ಮತ್ ಜಾವೋ, ಭಾಯ್," ಎಂದು ಅಪ್ಪನಿಗೆ ಹೇಳಿದ. "ನಮಕ್ ಡಾಲೋ, ದೂರ್ ಸೇ." ಮೇಲೆ ಹತ್ತಬೇಡ, ದೂರದಿಂದಲೇ ಉಪ್ಪು ಹಾಕು ಎಂದು.

ಅಪ್ಪ ನಕ್ಕರು. ಮದುವೆಗೆ ಮೊದಲು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಎರಡು ವರ್ಷ ದುಡಿದವರು. ಅಲ್ಲಿ ನೀರು ತುಂಬಿದ ಡಬ್ಬಗಳನ್ನು ಉಪ್ಪುನೀರಿನ ತೊಟ್ಟಿಗೆ ಇಳಿಸಿಯೇ ಐಸ್ ಕಟ್ಟುತ್ತಿದ್ದರು.

"ಉಪ್ಪು ಹಾಕಿದ್ರೆ ಐಸ್ ಇನ್ನೂ ಗಟ್ಟಿ ಆಗುದು. ಇವನಿಗೆ ಎಂತ ಗೊತ್ತುಂಟು?"

"ನಿಮ್ಮ ಪ್ಲಾಂಟಲ್ಲಿ ಐಸ್ ತಲೆ ಮೇಲೆ ನೇತಾಡ್ತಿತ್ತಾ?" ಎಂದರು ಅಮ್ಮ.

"ನೀನು ಇಂಜೆಕ್ಷನ್ ಕೊಡು ಮಾರಾಯ್ತಿ. ಐಸ್ ನಂಗೆ ಬಿಡು."

ಅಪ್ಪ ಹಾರೆ ಹಿಡಿದು ಮನೆಯ ಹಿಂದಿನ ಏಣಿಯಿಂದ ಹತ್ತಿದರು. ತಾರಸಿಯ ಅಂಚಿಗೆ ಮೋಟುಗೋಡೆ ಇರಲಿಲ್ಲ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅವರ ಕಾಲು ಜಾರಿತು. ಹಾರೆ ಮಾತ್ರ ಕೆಳಗೆ ಬಂದು ಅಂಗಳಕ್ಕೆ ಬಡಿಯಿತು. ಅಪ್ಪ ಅಂಚಿನಿಂದ ಒಂದು ಮೊಳ ಹಿಂದೆ ಕವುಚಿ ಬಿದ್ದಿದ್ದರು, ಒಂದು ಕೈ ಟ್ಯಾಂಕಿನ ಕಬ್ಬಿಣದ ಕಾಲನ್ನು ಹಿಡಿದಿತ್ತು. ಅವರ ಎದೆಯಡಿಯಲ್ಲಿ ಐಸ್ ಮತ್ತೆ ಟಕ್ ಎಂದಿತು.

"ಅಲ್ಲಾಡ್ಬೇಡಿ," ಎಂದರು ಅಮ್ಮ, ರೋಗಿಗೆ ಹೇಳುವ ದನಿಯಲ್ಲಿ. "ಉಸಿರು ಮಾತ್ರ ಬಿಡಿ."

ಡ್ರೈವರ್ ಜೀಪಿನ ಹಗ್ಗ ಹಿಡಿದು ಮನೆಯ ಹಿಂದಕ್ಕೆ ಓಡಿ ಏಣಿ ಹತ್ತಿದ. ನಾನು ಉಪ್ಪಿನಕಾಯಿಗೆಂದು ಇಟ್ಟಿದ್ದ ಕಲ್ಲುಪ್ಪಿನ ಡಬ್ಬ ಹೊತ್ತು ಏಣಿಯ ಕೊನೆಯ ಮೆಟ್ಟಿಲವರೆಗೆ ಹತ್ತಿದೆ. ಅವನು ಡಬ್ಬ ತೆಗೆದುಕೊಂಡು, ತಾರಸಿಯ ಒಣಗಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಹಗ್ಗವನ್ನು ಅಪ್ಪನ ಕಡೆ ಎಸೆದು, ಮುಷ್ಟಿ ಮುಷ್ಟಿ ಉಪ್ಪು ಬೀರಿದ. ಉಪ್ಪು ಬಿದ್ದಲ್ಲೆಲ್ಲ ಐಸ್ ನಿಧಾನವಾಗಿ ಬೆವರತೊಡಗಿತು, ಆಮೇಲೆ ಒರಟಾಯಿತು. ಎಷ್ಟು ಹೊತ್ತು ಕಾದೆವೋ ಗೊತ್ತಿಲ್ಲ. ನನ್ನ ಬೆರಳುಗಳು ಏಣಿಯ ಮೇಲೆ ಮರಗಟ್ಟಿದ್ದವು. ಕೊನೆಗೆ ಅವನು "ಯಲ್ಲಾ," ಎಂದ. ಅಪ್ಪ ಹಗ್ಗ ಹಿಡಿದು, ತಲೆ ಎತ್ತದೆ, ಉಪ್ಪಿನ ಮೇಲೆ ತೆವಳುತ್ತ ಬಂದರು.

ಅವರ ಅಂಗೈ ಸುಲಿದಿತ್ತು. ಅಮ್ಮ ಪಟ್ಟಿ ಕಟ್ಟಿದರು.

ಮಧ್ಯಾಹ್ನ, ಯಾರೂ ಮುಟ್ಟದೆ, ಆ ಐಸಿನ ಹಲಗೆ ಒಮ್ಮೆಲೇ ಕಳಚಿ ಬಿದ್ದು ಬಾಗಿಲ ಮುಂದಿನ ಮೆಟ್ಟಿಲು ಎರಡು ತುಂಡಾಯಿತು. ಅಂಚಿನಲ್ಲಿ ಇನ್ನೇನೂ ಉಳಿದಿರಲಿಲ್ಲ. ಆದರೂ ನನ್ನ ರಜೆ ಮುಗಿಯುವವರೆಗೆ ನಾವು ಮೂವರೂ ಅಡುಗೆಮನೆಯ ಬಾಗಿಲಿನಿಂದಲೇ ಓಡಾಡಿದೆವು. ಹಾಗೆ ಮಾಡೋಣವೆಂದು ಯಾರೂ ಹೇಳಿರಲಿಲ್ಲ.